ಉಪಾಧ್ಯೆ ವಾಡೆ, ಫ್ಲ್ಯಾಟ್ ನಂಬರ್ ಒಂದು

ಕಾರಹಾಳದ ಉಪಾಧ್ಯೆ ವಾಡೆಯ ಹೊರಗೋಡೆ ಎರಡೂವರೆ ಅಡಿ ದಪ್ಪ. ಅದನ್ನು ಫ್ಲ್ಯಾಟುಗಳಾಗಿ ಒಡೆಯುವಾಗ ಒಂದು ಪೈಪು ತೂರಿಸುವ ತೂತಿಗೆ ಇಬ್ಬರು ಆಳುಗಳಿಗೆ ಒಂದೂವರೆ ದಿನ ಹಿಡಿಯಿತು.

ವಾಡೆ ಯಾರೊಬ್ಬರ ಸ್ವಂತದ್ದೂ ಅಲ್ಲ. ಬೇಡಕಿಹಾಳದಾಚೆಯ ಈ ಊರಿನಲ್ಲಿ ಬಸದಿ ಕಟ್ಟಿಸಿದವರೇ, ಪೂಜೆ ಮಾಡುವ ಉಪಾಧ್ಯೆ ಮನೆತನ ಇರಲೆಂದು ಪಕ್ಕದಲ್ಲಿ ಇದನ್ನೂ ಕಟ್ಟಿಸಿದ್ದರು. ತಲೆಬಾಗಿಲ ಮೇಲಿನ ಕಲ್ಲಿನಲ್ಲಿ ಶಕೆ ೧೭೮೯ ಎಂದು ಕೆತ್ತಿದೆ. ಆ ದೊಡ್ಡ ಬಾಗಿಲಿನೊಳಗೇ ಒಂದು ಸಣ್ಣ ದಿಂಡಿ ಬಾಗಿಲು. ತಲೆ ಬಗ್ಗಿಸದೆ ಅದರಲ್ಲಿ ಹೋಗಲಾಗದು. ಒಳಗೆ ಆಕಾಶಕ್ಕೆ ತೆರೆದ ಚೌಕ, ಅದರ ಸುತ್ತ ಇಪ್ಪತ್ನಾಲ್ಕು ಸಾಗವಾನಿ ಕಂಬ, ಕಂಬಗಳ ಹಿಂದೆ ಪಡಸಾಲೆ, ಗೋಡೆಯ ತುಂಬ ಸಾಮಾನಿಡುವ ಗೂಡುಗಳಂಥ ಮಾಡಗಳು. ಪಡಸಾಲೆಯ ನೆಲದಡಿ ಜೋಳ ತುಂಬಿಡುತ್ತಿದ್ದ ಹಗೇವು. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಕೆಳಗೆ ಹತ್ತು ಅಡಿ ಆಳದ ದುಂಡನೆಯ ಹೊಟ್ಟೆ. ಹಿತ್ತಲಲ್ಲಿ ಬಾವಿ.

ಮೂರು ವರ್ಷಗಳ ಹಿಂದೆ ಬಸದಿಯ ಟ್ರಸ್ಟ್ ವಾಡೆಯನ್ನು ಆರು ಫ್ಲ್ಯಾಟ್ ಮಾಡಲು ನಿರ್ಧರಿಸಿತು. ಸಕ್ಕರೆ ಕಾರ್ಖಾನೆಯ ಎಂಜಿನಿಯರುಗಳಿಗೆ, ಬ್ಯಾಂಕಿನವರಿಗೆ ಊರಲ್ಲಿ ಬಾಡಿಗೆ ಮನೆ ಸಿಗುತ್ತಿರಲಿಲ್ಲ. ಚೌಕದ ಮೇಲೆ ಫೈಬರ್ ಶೀಟು ಬಂತು. ಹನ್ನೊಂದು ಕಂಬಗಳು ಇಟ್ಟಿಗೆಯೊಳಗೆ ಮುಚ್ಚಿಹೋದವು. ಅಟ್ಟಕ್ಕೆ ಸ್ಲ್ಯಾಬ್ ಬಿದ್ದು ಮೇಲೆ ಮೂರು ಮನೆಗಳಾದವು. ಮೊದಲು ಹಿತ್ತಲ ತುದಿಯಲ್ಲಿ ಒಂದೇ ಪಾಯಿಖಾನೆ ಇತ್ತು, ಈಗ ಆರಾದವು. ಪೂಜೆ ನಡೆಸುವವರೆಗೆ ಬಾಡಿಗೆಯಿಲ್ಲದೆ ಇರಬಹುದೆಂದು ಒಂದನೇ ನಂಬರಿನ ಫ್ಲ್ಯಾಟನ್ನು ಉಪಾಧ್ಯೆ ಕುಟುಂಬಕ್ಕೆ ಕೊಟ್ಟರು.

ನಕ್ಷೆ ತೆಗೆದವನು ಆ ಮನೆಯ ಮಗ ನಿತಿನನೇ. ಚಿಕ್ಕೋಡಿಯ ಎಂಜಿನಿಯರೊಬ್ಬರ ಆಫೀಸಿನಲ್ಲಿ ಅವನಿಗೆ ಅದೇ ಕೆಲಸ. ರಸ್ತೆ ಕಡೆಯ ದೊಡ್ಡ ಫ್ಲ್ಯಾಟನ್ನು ಬಿಟ್ಟು ಹಿಂದಿನ ಸಣ್ಣದನ್ನು ಅವನು ತಮಗೆ ಆರಿಸಿಕೊಂಡಿದ್ದ. ಅದರ ಹಿಂಬಾಗಿಲು ತೆರೆದರೆ ನಾಲ್ಕು ಹೆಜ್ಜೆಗೆ ಬಾವಿಕಟ್ಟೆ. ಅಜ್ಜಿ ಚಂಪಾಬಾಯಿಗೆ ಆ ಬಾವಿ ಬೇಕಾಗಿತ್ತು.

ಚಂಪಾಬಾಯಿಗೆ ಎಂಬತ್ತೆರಡು. ಗಂಡ ತೀರಿಕೊಂಡ ವರ್ಷ ಅವರು ವ್ರತ ಹಿಡಿದರು. ಅಂದಿನಿಂದ ನಳದ ನೀರಿಲ್ಲ, ಬೋರಿನ ನೀರಿಲ್ಲ. ಕೈಯಿಂದ ಸೇದಿದ ಬಾವಿ ನೀರನ್ನು ಎರಡು ಮಡಿಕೆಯ ದಪ್ಪ ಅರಿವೆಯಲ್ಲಿ ಸೋಸಬೇಕು. ಅರಿವೆಯಲ್ಲಿ ಉಳಿದದ್ದಕ್ಕೆ ಜಿವಾಣಿ ಎನ್ನುತ್ತಾರೆ. ಕಣ್ಣಿಗೆ ಕಾಣದ ನೀರಿನ ಜೀವಗಳು ಅವು. ಅರಿವೆಯನ್ನು ತಿರುವಿ, ಸೋಸಿದ ನೀರಿನಿಂದಲೇ ಜಾಲಿಸಿ, ಅವನ್ನು ತಂದ ಬಾವಿಗೇ ತಿರುಗಿ ಬಿಡಬೇಕು. ಬೋರಿಗೆ ತಿರುಗಿ ಬಿಡಲು ಬರುವುದಿಲ್ಲ, ಅದಕ್ಕೇ ಬೋರಿನ ನೀರು ವರ್ಜ್ಯ. ಮೇಲಿನಿಂದ ಸುರಿಯುವಂತೆಯೂ ಇಲ್ಲ, ಬಿದ್ದ ಪೆಟ್ಟಿಗೆ ಸತ್ತುಹೋಗುತ್ತವೆ. ಇದಕ್ಕೆಂದೇ ಮನೆಯಲ್ಲಿ ಒಂದು ಹಿತ್ತಾಳೆಯ ಬಿಂದಿಗೆ ಇತ್ತು. ಅದರ ಬುಡಕ್ಕೆ ಒಂದು ಕಡಿ, ಅಂದರೆ ದಪ್ಪ ಬಳೆ, ಬೆಸೆದಿತ್ತು. ಹಗ್ಗದ ತುದಿಯನ್ನು ಆ ಕಡಿಗೆ ಬಿಗಿದು, ಕಂಠಕ್ಕೆ ಜಾರುವ ಕುಣಿಕೆ ಹಾಕಿ ಸಾವಕಾಶ ಇಳಿಸಿ, ನೀರು ಮುಟ್ಟಿದ ಮೇಲೆ ಹಗ್ಗವನ್ನು ಒಮ್ಮೆ ಜಗ್ಗಿದರೆ ಬಿಂದಿಗೆ ಅಲ್ಲೇ ಮಗುಚಿಕೊಳ್ಳುತ್ತಿತ್ತು. ಸೇದುವುದು, ಸೋಸುವುದು ಈಗ ನಿತಿನನ ಹೆಂಡತಿ ತೃಪ್ತಿಯ ಕೆಲಸ. ಜಿವಾಣಿ ಬಿಡುವುದನ್ನು ಮಾತ್ರ ಚಂಪಾಬಾಯಿ ಯಾರಿಗೂ ಕೊಟ್ಟಿರಲಿಲ್ಲ.

ಬಾಡಿಗೆಯವರು ಅಕ್ಷಯ ತೃತೀಯದ ದಿನ, ಮೇ ಹತ್ತರಿಂದ ಬರತೊಡಗಿದರು. ಐದೂ ಮನೆಗಳು ಒಂದೇ ವಾರದಲ್ಲಿ ತುಂಬಿದವು.

ಜುಲೈ ಹದಿನೆಂಟರ ಬೆಳಿಗ್ಗೆ, ಮೂರು ದಿನ ಬಿಡದೆ ಮಳೆ ಹೊಡೆದ ಮೇಲೆ, ಎರಡನೇ ಕೊಡ ಸೋಸುವಾಗ ಅರಿವೆಯ ಮೇಲೆ ನೊರೆ ನಿಂತಿತು. ತೃಪ್ತಿ ಬಗ್ಗಿ ಮೂಸಿದಳು.

"ಯಾಕ ನಿಂತಿ ಬೇ?" ಕಟ್ಟೆಯ ಮೇಲೆ ಕುಳಿತ ಚಂಪಾಬಾಯಿ ಕೇಳಿದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಏನಿಲ್ರಿ ಆಯಿ. ಹಗ್ಗ ತೊಡಕಿತ್ತು."

"ಹಗ್ಗ ತೊಡಕೂದು ಸೇದೂ ಮುಂದ. ಸ್ವಾಸೂ ಮುಂದ ಎಲ್ಲಿ ಹಗ್ಗ ಬಂತ? ನಿನ್ನ ವಯಸ್ಸಿನ್ಯಾಗ ನಾ ಇಪ್ಪತ್ತ ಕೊಡಾ ಸೇದತಿದ್ದೆ, ಬಾಯಿ ತಗೀತಿದ್ದಿಲ್ಲ."

"ಅವಾಗ ಉಳಿಸಿದ್ದೆಲ್ಲಾ ಈಗ ತಗದೀರಲ್ರಿ."

ಚಂಪಾಬಾಯಿ ಹಲ್ಲಿಲ್ಲದ ಬಾಯಲ್ಲಿ ನಕ್ಕರು. ಕಡಿ ಬಿಂದಿಗೆಯನ್ನು ತಡವಿ ಹಿಡಿದು, ಹಗ್ಗವನ್ನು ಒಂದೊಂದೇ ಗೇಣು ಬಿಡುತ್ತ ಇಳಿಸಿದರು. ನೀರು ಮುಟ್ಟಿದ್ದು ಅವರಿಗೆ ಕೈಯಲ್ಲೇ ತಿಳಿಯುತ್ತಿತ್ತು. ಒಮ್ಮೆ ಜಗ್ಗಿದರು. "ಹೋಗ್ರೆಪಾ, ನಿಮ್ಮ ಮನಿಗೆ ಹೋಗ್ರಿ," ಅಂದರು. ದಿನವೂ ಅನ್ನುತ್ತಿದ್ದದ್ದೇ.

ಅಡುಗೆಮನೆಯಲ್ಲಿ ತೃಪ್ತಿಯ ಅತ್ತೆ, ನಿತಿನನ ತಾಯಿ ಮಂಗಲ ರೊಟ್ಟಿ ಬಡಿಯುತ್ತಿದ್ದಳು. ತೃಪ್ತಿ ಕೊಡವನ್ನು ಮಾಡದಲ್ಲಿಟ್ಟು ಬಾಗಿಲು ಎಳೆದುಕೊಂಡಳು.

"ಅವ್ವಾರ, ನೀರಿಗೆ ಫಿನೈಲ್ ವಾಸನಿ ಬರಾಕತ್ತೇತಿ. ನೊರಿ ಐತಿ. ನಿನ್ನೆ ಮ್ಯಾಲಿನ ಬ್ಯಾಂಕಿನವರ ಮನ್ಯಾಗ ಸಂಡಾಸ ತೊಳದಾರ. ಅದ ವಾಸನಿ."

ಮಂಗಲಳ ಕೈ ನಿಂತಿತು. "ನಿನ್ನ ಮೂಗಿಗೆ ಎಲ್ಲಾ ಬರತೈತಿ."

"ನೀವ ನೋಡ್ರಿ."

ಮಂಗಲ ಹಿಟ್ಟಿನ ಕೈಯಲ್ಲೇ ಕೊಡದ ಮೇಲೆ ಬಗ್ಗಿದಳು. ತಲೆ ಎತ್ತಲು ಸ್ವಲ್ಪ ಹೊತ್ತು ಹಿಡಿಯಿತು. "ಮುದುಕಿ ಮುಂದ ಬಾಯಿ ತಗದಿ ಅಂದ್ರ ನೋಡು. ಇವತ್ತೇ ನೀರು ಬಿಡ್ತಾಳ. ಸಂಜಿಕ ಗಂಡಸರು ಬರ್ಲಿ."

ಆ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ನಿತಿನ ಚಿಕ್ಕೋಡಿಯಿಂದ ಆರೂಕಾಲಿಗೆ ಬಂದು ಕೈಕಾಲು ತೊಳೆದು ಕುಳಿತ. ತಂದೆ ಬಾಪುಸಾಹೇಬರು ಬಸದಿಯ ಸಂಜೆಯ ಕೆಲಸ ಮುಗಿಸಿ ಆಗಲೇ ಕುಳಿತಿದ್ದರು. ಚಂಪಾಬಾಯಿ ಒಪ್ಪತ್ತಿನವರು, ಸಂಜೆ ನೀರನ್ನಷ್ಟೇ ಕುಡಿದು ಹೊರಗೆ ಜಪಕ್ಕೆ ಕುಳಿತಿದ್ದರು. ರೊಟ್ಟಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ. ಮಂಗಲ ವಿಷಯವನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಿದಳು.

ನಿತಿನ ತುತ್ತನ್ನು ತಾಟಿನಲ್ಲೇ ಬಿಟ್ಟ. "ಹಗೇವ್," ಅಂದ.

"ಹಗೇವ್ ಗಟ್ಟಿ ಐತಿ," ಬಾಪುಸಾಹೇಬರೆಂದರು. "ನನ್ನ ಮುತ್ತ್ಯಾ ಮೂವತ್ತ ಚೀಲ ಜ್ವಾಳಾ ತುಂಬ್ತಿದ್ದ. ಒಂದ ಕಾಳ ಹಸೀ ಆಗ್ತಿರ್ಲಿಲ್ಲ."

"ಜ್ವಾಳಾ ನೀರು ಬಿಡೂದಿಲ್ಲ ಅಪ್ಪಾ."

ನಡೆದದ್ದು ಹೀಗೆ. ಹಿಂದಿನ ವರ್ಷದ ಜುಲೈ ಹೊತ್ತಿಗೆ ಫ್ಲ್ಯಾಟುಗಳ ಒಳಗಿನ ಕೆಲಸವೆಲ್ಲ ಮುಗಿದಿತ್ತು, ಸಂಡಾಸದ ಗುಂಡಿ ಮಾತ್ರ ಬಾಕಿ. ನಿತಿನ ಅದನ್ನು ನಕ್ಷೆಯಲ್ಲಿ ರಸ್ತೆಯಂಚಿಗೆ, ಬಾವಿಯಿಂದ ಅರವತ್ತು ಅಡಿಗೆ ತೋರಿಸಿದ್ದ. ಆಗ ಚಾತುರ್ಮಾಸ ಬಂತು. ಮಳೆಗಾಲದ ನಾಲ್ಕು ತಿಂಗಳು ನೆಲದಲ್ಲಿ ಜೀವರಾಶಿ ಹೆಚ್ಚು. ಬಸದಿಯ ಆವರಣದಲ್ಲಿ ಆಷಾಢ ಚತುರ್ದಶಿಯಿಂದ ದೀಪಾವಳಿಯವರೆಗೆ ಮಣ್ಣು ಅಗೆಯಕೂಡದೆಂದು ಬಾಪುಸಾಹೇಬರು ಟ್ರಸ್ಟಿಗೆ ಪತ್ರ ಬರೆದರು. ಯಾರೂ ಇಲ್ಲವೆನ್ನಲಿಲ್ಲ; ಪತ್ರಕ್ಕೆ ಗಾಜು ಹಾಕಿಸಿ ಬಸದಿಯ ಫಲಕದಲ್ಲಿ ತೂಗುಹಾಕಿದರು. ಗುತ್ತಿಗೆದಾರ ವಿಶ್ವಾಸನಿಗೆ ದೀಪಾವಳಿಯೊಳಗೆ ಕೆಲಸ ಒಪ್ಪಿಸಬೇಕಾಗಿತ್ತು. "ಅಗಿಯೂದ್ಯಾಕ್ರಿ, ತಯಾರ ಗುಂಡಿ ಐತೆಲ್ಲ," ಎಂದು ಅವನು ಹಗೇವು ತೋರಿಸಿದ. ಒಂದು ಎರೆಹುಳುವೂ ಸಾಯದ ಉಪಾಯವೆಂದು ಬಾಪುಸಾಹೇಬರು ಒಪ್ಪಿದರು. ಹಗೇವಿನಿಂದ ಬಾವಿಗೆ ಹದಿನಾಲ್ಕು ಅಡಿ. ನಿತಿನ ಟೇಪು ಹಿಡಿದು ತಾನೇ ಅಳೆದಿದ್ದ. ಗೋಡೆಗೆ ಸಿಮೆಂಟು ಹಾಕಿಸಿದರೆ ಸಾಕೆಂದುಕೊಂಡು ನಕ್ಷೆ ತಿದ್ದಿದ. ನೀರು ಇಂಗಲೆಂದು ವಿಶ್ವಾಸ ತಳವನ್ನು ಹಾಗೇ ಬಿಟ್ಟ.

"ನೀ ಎಂಜಿನಿಯರ್ ಆಫೀಸಿನ್ಯಾಗ ಇರಾಂವ," ಬಾಪುಸಾಹೇಬರ ದನಿ ಏರಿತು. "ನಾ ಪೂಜಾ ಮಾಡಾಂವ. ನನಗೇನ ತಿಳೀತೈತಿ ನೆಲದ್ದು? ನೀ ಬ್ಯಾಡ ಅನಬೇಕಿತ್ತು."

"ನಿಮ್ಮ ಪತ್ರಾ ಗ್ವಾಡಿ ಮ್ಯಾಲೆ ತೂಗ್ಯಾಡತಿತ್ತು. ಹೆಂಗ ಬ್ಯಾಡ ಅನ್ಲಿ? ನೀವು ಬರದ್ರಿ, ನಾ ಗೆರಿ ಹೊಡದೆ. ಇಬ್ರೂ ಸೇರೇ ಮಾಡೀವಿ."

"ಸಾವಕಾಶ ಮಾತಾಡ್ರಿ," ಮಂಗಲ ಬಾಗಿಲ ಕಡೆ ನೋಡಿದಳು. "ಆಕಿಗೆ ಕಣ್ಣಿಲ್ಲ, ಕಿವಿ ಅವ."

ಹೊತ್ತು ಮುಳುಗಿತು. ನಾಲ್ಕು ತಾಟಿನಲ್ಲೂ ಉಳಿದ ರೊಟ್ಟಿ ಪಕ್ಕದ ಮನೆಯ ಎಮ್ಮೆಯ ಬಾನಿಗೆ ಹೋಯಿತು.

ನಿತಿನ ನೀರನ್ನು ಚಿಕ್ಕೋಡಿಯ ಪ್ರಯೋಗಾಲಯಕ್ಕೆ ಕೊಟ್ಟ. ವರದಿ ಜುಲೈ ಇಪ್ಪತ್ತೆರಡಕ್ಕೆ ಬಂತು. ಮಲದ ಬ್ಯಾಕ್ಟೀರಿಯಾ ಇದೆ, ಕುಡಿಯಲು ಯೋಗ್ಯವಲ್ಲ ಎಂದು ಒಂದೇ ಸಾಲು. ಆ ವರ್ಷದ ಚಾತುರ್ಮಾಸ ಅದಕ್ಕೆ ಎರಡು ದಿನ ಮುಂಚೆ ಆರಂಭವಾಗಿತ್ತು.

ತಂದೆ ಮಗ ಇಬ್ಬರೂ ಬಸದಿಯ ಕಚೇರಿಗೆ ಹೋದರು. ಟ್ರಸ್ಟಿನ ಅಧ್ಯಕ್ಷ ಜಿನ್ನಪ್ಪ ಚೌಗುಲೆ ತಂಬಾಕಿನ ವ್ಯಾಪಾರಿ, ಎಪ್ಪತ್ತರ ಹತ್ತಿರದವರು. ವರದಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ವಿಶ್ವಾಸನನ್ನು ಕರೆಸಿದರು.

"ಗುಂಡಿ ಬ್ಯಾರೆ ಕಡೆ ತಗೀಬೇಕ್ರಿ," ನಿತಿನ ಹೇಳಿದ. "ಎಂಟ ದಿನದ ಕೆಲಸ."

"ತಗ್ಯೂಣು," ಅಂದರು ಜಿನ್ನಪ್ಪ. "ದೀಪಾವಳಿ ಮುಗೀಲಿ."

"ಈಗ ಬೇಕ್ರಿ. ಆಯಿ ಆ ನೀರು ಕುಡೀತಾಳ."

ಜಿನ್ನಪ್ಪ ಫಲಕದ ಕಡೆ ಕೈ ತೋರಿಸಿದರು. "ಉಪಾಧ್ಯಾರ, ಅದು ನಿಮ್ಮ ಅಕ್ಷರಾನ ಅಲ್ರಿ? ವರ್ಷದಾಗ ಬದಲಾತೇನ್ ಧರ್ಮ? ಹೋದ ವರ್ಷ ನಾ ಬಸದಿ ಗ್ವಾಡಿಗಂತ ಕೊಟ್ಟ ಸಿಮೆಂಟ್ ಕೊಳೀಲಿ ಅಂದ್ರಿ, ಕೊಳೀತು. ಈಗ ನಿಮ್ಮ ಮನಿ ಕೆಲಸ ಬಂತಂದ್ರ ಎರಿಹುಳಕ್ಕ ಜೀವ ಇಲ್ಲೇನ್?"



"ಟ್ಯಾಂಕರ್ ತರಿಸಿ ಹಗೇವ್ ಎಳಸ್ರಿ," ನಿತಿನ ವಿಶ್ವಾಸನ ಕಡೆ ತಿರುಗಿದ. "ವಾರಕ್ಕೊಮ್ಮಿ."

"ಪೈಪ ಎಲ್ಲಿ ಇಳಸ್ಲಿ ನಿತಿನ್‌ಭಾವು? ಹಗೇವಿನ ಬಾಯಿ ಎರಡನೇ ಫ್ಲ್ಯಾಟಿನ ಅಡಗಿ ಕಟ್ಟಿ ಕೆಳಗ ಹೋಗೇತಿ. ಮ್ಯಾಲೆ ಗ್ಯಾಸ್ ಒಲಿ ಐತಿ. ನಿಮ್ಮ ನಕ್ಷೇನ ಹಂಗ ಐತಿ, ನಾ ಏನ್ ಮಾಡ್ಲಿ?"

"ಹಂಗಾದ್ರ ಮಂದೀನ ಕಳಸ್ರಿ, ನಾಲ್ಕ ತಿಂಗಳ."

"ಐದ ಮನಿ ಮಂದಿಗೆ ಮಳಿಗಾಲದಾಗ ಹೊರಗ ನಡೀರಿ ಅನ್ನೂಣೇನ್?" ಜಿನ್ನಪ್ಪ ವರದಿಯನ್ನು ಮಡಚಿ ಮರಳಿ ಕೊಟ್ಟರು. "ಅವ್ವಗ ನಾಲ್ಕ ತಿಂಗಳ ಬ್ಯಾರೆ ನೀರು ನೋಡ್ರಿ. ನಾ ಇಲ್ಲ ಅಂದಿಲ್ಲ. ಕಾರ್ತಿಕದಾಗ ಮಾಡ್ತೀನಿ ಅಂದೀನಿ."

ಬಸದಿಯಿಂದ ವಾಡೆಗೆ ಮೂವತ್ತು ಹೆಜ್ಜೆ. ದಿಂಡಿ ಬಾಗಿಲಲ್ಲಿ ಬಗ್ಗುವಾಗ ಬಾಪುಸಾಹೇಬರ ತಲೆ ಚೌಕಟ್ಟಿಗೆ ಹೊಡೆಯಿತು. ಅರವತ್ತನಾಲ್ಕು ವರ್ಷ ಆ ಬಾಗಿಲಲ್ಲಿ ಓಡಾಡಿದವರಿಗೆ ಅದು ಮೊದಲ ಪೆಟ್ಟು.

ಬೇರೆ ನೀರಿನ ವ್ಯವಸ್ಥೆಯನ್ನು ಮಂಗಲ ಮಾಡಿದಳು. ಅವಳ ತಮ್ಮ ವಿಶಾಲನ ಹೊಲದಲ್ಲಿ, ಎರಡೂವರೆ ಕಿಲೋಮೀಟರಿನಾಚೆ, ಒಂದು ತೆರೆದ ಬಾವಿ ಇತ್ತು. ಜುಲೈ ಇಪ್ಪತ್ತೈದರಿಂದ ನಿತಿನ ದಿನಾ ಐದಕ್ಕೆ ಎದ್ದು ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಮೋಟಾರ್‌ಸೈಕಲ್ ಹತ್ತಿ ಹೋಗುತ್ತಿದ್ದ. ಅಲ್ಲೇ ಸೇದಿ, ಅಲ್ಲೇ ಸೋಸಿ, ಅಲ್ಲಿನ ಜಿವಾಣಿಯನ್ನು ಅಲ್ಲೇ ಬಿಟ್ಟು ಎರಡು ಸ್ಟೀಲ್ ಕೊಡ ತರುತ್ತಿದ್ದ. ಚಂಪಾಬಾಯಿಗೆ ಏನೂ ಗೊತ್ತಾಗಬಾರದೆಂದು ಮನೆಯ ಬಾವಿಯ ಕೆಲಸವೂ ಎಂದಿನಂತೆ ನಡೆಯಬೇಕಾಗಿತ್ತು. ತೃಪ್ತಿ ಅವರ ಎದುರು ಸೇದುತ್ತಿದ್ದಳು, ಸೋಸುತ್ತಿದ್ದಳು. ಅವರು ಜಿವಾಣಿ ಬಿಡುತ್ತಿದ್ದರು. ಆಮೇಲೆ ತೃಪ್ತಿ ಒಳಗೆ ಬಂದು ಆ ನೀರನ್ನು ಬಚ್ಚಲಿಗೆ ಸುರಿದು, ಹೊಲದ ನೀರನ್ನು ಕಾಯಿಸಿ ಮಾಡದಲ್ಲಿನ ಕೊಡಕ್ಕೆ ತುಂಬುತ್ತಿದ್ದಳು.

ಹತ್ತನೆಯ ದಿನ ಅವಳು ಮಂಗಲಳಿಗೆ ಹೇಳಿದಳು, "ಅವ್ವಾರ, ನನಗ ಆಗೂದಿಲ್ರಿ. ಆಯಿ ದಿನಾ ಕೇಳತಾರ, ನೀರ ರುಚಿ ಬ್ಯಾರೆ ಆಗೇತೆಲ್ಲ ಅಂತ. ಮಳಿ ನೀರ್ರಿ ಅಂತೀನಿ."

"ಅನ್ನು. ಮಳಿ ಬಿದ್ದಿಲ್ಲೇನ್?"

"ಸುಳ್ಳ ಹೇಳಾಕಿ ನಾ, ಪುಣ್ಯಾ ಕಟಗೊಳ್ಳಾಕಿ ನೀವು."

ಮಂಗಲ ಲಟ್ಟಣಿಗೆ ಕೆಳಗಿಟ್ಟಳು. "ಈ ಮನಿಗೆ ಬಂದ ಮೂವತ್ತಾರ ವರ್ಷ ನಾ ಸೇದೀನಿ ಆಕಿ ನೀರ. ಬಸಿರಿದ್ದಾಗೂ ಸೇದೀನಿ. ಪುಣ್ಯಾ ಎಷ್ಟ ಆತಂತ ಯಾರೂ ಹೇಳಿಲ್ಲ. ನಾಲ್ಕ ತಿಂಗಳ ಸುಳ್ಳಿಗೆ ನಿನ್ನ ಕೈಯೇನ ಸವಿಯೂದಿಲ್ಲ."

ಆಗಸ್ಟ್ ಹತ್ತರಂದು ಒಬ್ಬ ಮಾತಾಜಿ, ದಿಗಂಬರ ಪರಂಪರೆಯ ಆರ್ಯಿಕೆ ಅಂದರೆ ಸನ್ಯಾಸಿನಿ, ಬಸದಿಗೆ ಬಂದರು. ಚಾತುರ್ಮಾಸಕ್ಕೆ ಅವರು ನಿಂತದ್ದು ಬೇಡಕಿಹಾಳದಲ್ಲಿ, ಆಗ ಓಡಾಡಲು ಹಾಕಿಕೊಂಡ ಮೇರೆಯೊಳಗೇ ಕಾರಹಾಳವೂ ಇತ್ತು. ಆರು ದಿನ ಬಸದಿಯಲ್ಲಿ ಇರುವವರಿದ್ದರು. ಹದಿನಾಲ್ಕರ ಮಧ್ಯಾಹ್ನ ಚಂಪಾಬಾಯಿ ಕೋಲೂರಿ ಬಸದಿಗೆ ಹೋಗಿ ಬಂದರು. ಸಂಜೆ ಎಲ್ಲರೂ ಊಟಕ್ಕೆ ಕುಳಿತಾಗ ಹೇಳಿದರು, "ನಾಳಿ ನಮ್ಮನ್ಯಾಗ ಆಹಾರ ಮಾಡೂಣು. ಬಾಗಲಾಗ ನಿಂತು ಕರೀತೀನಿ. ಬಂದ್ರ ನಮ್ಮ ದೈವ. ಮಂಗಲಾ, ಅಕ್ಕಿ ಹಸನ ಮಾಡು. ತೃಪ್ತಿ, ನಾಲ್ಕ ಕೊಡಾ ಸೇದು."

ಚಂಪಾಬಾಯಿ ಜಪಸರ ತರಲು ಒಳಗೆ ಹೋದರು.

"ಹೊಲದ ನೀರಿಲೆ ಮಾಡಿದ್ರಾತು," ಮಂಗಲ ಪಿಸುಗುಟ್ಟಿದಳು. "ಅದು ಶುದ್ಧಾನ ಐತೆಲ್ಲ."

"ಆಹಾರ ಕೊಡೂ ಮುಂದ ಏನ ಅನಬೇಕು, ಗೊತ್ತೈತೆಲ್ರಿ?" ತೃಪ್ತಿ ಕೇಳಿದಳು.

ಎಲ್ಲರಿಗೂ ಗೊತ್ತಿತ್ತು. ಕೊಡುವವರು ಕೈಮುಗಿದು ನಿಂತು, ಮನಸ್ಸು ಶುದ್ಧ, ಮಾತು ಶುದ್ಧ, ದೇಹ ಶುದ್ಧ, ಆಹಾರ ನೀರು ಶುದ್ಧ ಎಂದು ಬಾಯಿಬಿಟ್ಟು ಹೇಳಬೇಕು. ಮನೆಯವರೆಲ್ಲ ಹೇಳಬೇಕು. ಅದನ್ನು ಕೇಳಿದ ಮೇಲೆಯೇ ಅವರು ಅಂಜಲಿ ಒಡ್ಡುತ್ತಾರೆ.

"ನಾ ಮಾತು ಶುದ್ಧ ಅಂತ ಅನ್ನಾಕಿಲ್ಲ," ತೃಪ್ತಿ ಹೇಳಿದಳು. "ಬೇಕಾದ್ರ ತವರಿಗೆ ಹೋಗತೀನಿ. ಮಾತಾಜಿ ಮುಂದ ಅನ್ನೂದಿಲ್ಲ."

ನಿತಿನ ಏನನ್ನೋ ಹೇಳಲು ಹೋದ. ಬಾಪುಸಾಹೇಬರು ಕೈ ಎತ್ತಿ ತಡೆದರು. "ಆಕಿ ಬರೋಬ್ಬರಿ ಅದಾಳ. ನಾ ಹೇಳತೀನಿ."

ಚಂಪಾಬಾಯಿ ಹಿಂಬಾಗಿಲ ಹೊಸ್ತಿಲಲ್ಲಿ ಕುಳಿತಿದ್ದರು. ಬಾಪುಸಾಹೇಬರು ಕೆಳಗೆ, ಬಾವಿಕಟ್ಟೆಯ ಕಲ್ಲಿನ ಮೇಲೆ ಕುಳಿತು ಹೇಳಿದರು. ಪತ್ರ, ಹಗೇವು, ವರದಿ, ಜಿನ್ನಪ್ಪನ ಮಾತು, ಒಂದನ್ನೂ ಬಿಡಲಿಲ್ಲ.

"ಆದ್ರ ಅವ್ವಾ," ಕೊನೆಗೆ ಬಾಪುಸಾಹೇಬರ ದನಿ ಸ್ವಲ್ಪ ಗಟ್ಟಿಯಾಯಿತು, "ಈ ಮೂರ ವಾರದಾಗ ನಿನ್ನ ಬಾಯಿಗೆ ಅದರ ಒಂದ ಹನಿ ಹೋಗಿಲ್ಲ. ಇಪ್ಪತ್ತೊಂದ ದಿನ ಆತು, ನಿತಿನ ವಿಶಾಲನ ಬಾವೀದ ತರತಾನ. ಸ್ವಾಸಿದ್ದು, ಕಾಸಿದ್ದು. ನಿನ್ನ ವ್ರತಕ್ಕ ಏನೂ ಆಗಿಲ್ಲ."

"ದಿನಾ ತಂದಾನ?"

"ದಿನಾ ತಂದೀನಿ ಆಯಿ," ಬಾಗಿಲ ಹಿಂದಿನಿಂದ ನಿತಿನ ಹೇಳಿದ. "ಮಳ್ಯಾಗೂ ತಂದೀನಿ."

"ನನಗ ಒಳ್ಳೇದು ಕುಡಿಸಿದ್ರಿ." ಚಂಪಾಬಾಯಿ ಕೈಯಿಂದ ತಡವಿ ಪಕ್ಕದ ಕಡಿ ಬಿಂದಿಗೆಯನ್ನು ಮುಟ್ಟಿದರು. "ಜಿವಾಣಿ?"

ಬಾಪುಸಾಹೇಬರು ಮಗನನ್ನು ನೋಡಿದರು. ನಿತಿನ ತೃಪ್ತಿಯನ್ನು ನೋಡಿದ.

"ದಿನಾ ಮುಂಜಾನೆ ಇದೇ ಕೈಲೇ ಬಿಟ್ಟೆ," ಚಂಪಾಬಾಯಿ ಹೇಳಿದರು. "ಪೆಟ್ಟ ಹತ್ತಬಾರದಂತ ಒಂದೊಂದ ಗೇಣ ಇಳಿಸಿ ಬಿಟ್ಟೆ. ಎಲ್ಲಿ ಬಿಟ್ಟೆ ನಾ? ಹೇಲಿನಾಗ?"

"ಅವ್ವಾ—"

"ಅವ ಅಲ್ಲೇ ಸಾಯತಿದ್ವು, ನಾ ಹೋಗ್ರೆಪಾ ಮನಿಗೆ ಅಂತಿದ್ದೆ. ನೀವು ನಾಲ್ಕ ಮಂದಿ ನಿಂತು ನೋಡೀರಿ. ನೀ ಪೂಜಾ ಮಾಡಾಂವ ಬಾಪೂ. ನಿನಗೂ ನೆನಪಾಗ್ಲಿಲ್ಲ?"

ಬಾಪುಸಾಹೇಬರಿಗೆ ನಿಜವಾಗಿಯೂ ನೆನಪಾಗಿರಲಿಲ್ಲ. ಹಿಂದಿನ ವರ್ಷ ನೆಲದ ಹುಳುಗಳಿಗಾಗಿ ಎರಡು ಪುಟ ಪತ್ರ ಬರೆದಿದ್ದರು.

"ಬಾಡಿಗಿಯವರು ಬಂದು ಎಷ್ಟ ದಿನ ಆತು?"

"ಇವತ್ತಿಗೆ ತೊಂಬತ್ತೇಳು," ನಿತಿನ ಹೇಳಿದ. ಲೆಕ್ಕ ಅವನಲ್ಲಿ ತಯಾರಿತ್ತು.

ಚಂಪಾಬಾಯಿ ಎದ್ದು ಒಳಗೆ ಹೋದರು.

ಮರುದಿನ ಮಾತಾಜಿಯ ಆಹಾರ ಚೌಗುಲೆಯವರ ಮನೆಯಲ್ಲಾಯಿತು. ಆಮೇಲೆ ಚಂಪಾಬಾಯಿ ತೃಪ್ತಿಯ ಕೈ ಹಿಡಿದು ಬಸದಿಗೆ ಹೋಗಿ ಎಲ್ಲವನ್ನೂ ಹೇಳಿ ಪ್ರಾಯಶ್ಚಿತ್ತ ಕೇಳಿದರು. ತಿಳಿಯದೆ ಆದದ್ದಕ್ಕೆ ಮೂರು ಉಪವಾಸ, ದಿನಕ್ಕೊಂದು ಜಪಮಾಲೆ ಸಾಕು ಎಂದರು ಮಾತಾಜಿ. ವಯಸ್ಸನ್ನು ಕೇಳಿ, ಮೂರನ್ನೂ ಬಿಟ್ಟು ಬಿಟ್ಟು ಮಾಡಿ ಎಂದರು. ಮರುದಿನ ಬೇಡಕಿಹಾಳಕ್ಕೆ ನಡೆದು ಹೋದರು.

ಚಂಪಾಬಾಯಿ ಆ ತೊಂಬತ್ತೇಳು ದಿನಕ್ಕೆ ತೊಂಬತ್ತೇಳು ಉಪವಾಸ ಹಿಡಿದರು. ಒಂದು ದಿನ ನೀರೂ ಇಲ್ಲದ ಉಪವಾಸ. ಮರುದಿನ ಒಪ್ಪತ್ತು ಊಟ, ಒಂದೇ ಸಲ ನೀರು.

"ಮಾತಾಜಿ ಮೂರ ಅಂದಾರ," ಮಂಗಲ ಕೂಗಾಡಿದಳು. "ಇದೇನ ಸಲ್ಲೇಖನಾ ಹಿಡದೀರೇನ್? ಅದಕ್ಕ ಗುರುಗಳ ಅಪ್ಪಣಿ ಬೇಕು. ಇದು ಹಟಾ."

"ಸಲ್ಲೇಖನಾ ಯಾರ ಅಂದಾರ? ದಿನಾ ಬಿಟ್ಟ ದಿನಾ ಉಣ್ಣಾಕತ್ತೇನೆಲ್ಲ. ತೊಂಬತ್ತೇಳ ಮುಗದ ಮ್ಯಾಲೆ ನಿಮ್ಮಂಗ ಉಣ್ತೀನಿ, ಮಾಡಿ ಹಾಕು."

"ಮುಗಿಯೂದು ಫೆಬ್ರವರ್ಯಾಗ ಆಯಿ," ನಿತ್ರಾಣನಾಗಿ ಹೇಳಿದ ನಿತಿನ.

"ಇರ್ಲಿ. ಚಳಿಗಾಲದಾಗ ನೀರಡಿಕಿ ಕಡಿಮಿ."

ಊಟದ ದಿನ ಹೊಲದ ನೀರು ಈಗ ಬಹಿರಂಗವಾಗಿ ಬರುತ್ತಿತ್ತು. ಕೊಡ ಇಳಿಸುವ ಮೊದಲೇ ಚಂಪಾಬಾಯಿ ಕೇಳುತ್ತಿದ್ದರು, "ಅಲ್ಲೇ ಬಿಟ್ಟಿ?" "ಬಿಟ್ಟೀನಿ ಆಯಿ." "ಇಳಿಸಿ ಬಿಟ್ಟಿ?" "ಇಳಿಸಿ ಬಿಟ್ಟೀನಿ." ಒಂದು ಸಲ ನಿತಿನ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಬಂದು ಮುಂದೆ ಹಿಡಿದ. ಅವರಿಗೆ ಕಾಣುವುದಿಲ್ಲವೆಂಬುದು ಆಮೇಲೆ ನೆನಪಾಯಿತು.

ಬಾಪುಸಾಹೇಬರು ಮತ್ತೊಮ್ಮೆ ಕಚೇರಿಗೆ ಹೋಗಿ, ಫಲಕದ ಪತ್ರವನ್ನು ಹಿಂತೆಗೆದುಕೊಳ್ಳುತ್ತೇನೆ, ಅಗೆಯಿರಿ ಎಂದರು. ಟ್ರಸ್ಟಿನ ಏಳು ಮಂದಿಯಲ್ಲಿ ಐದು ಮಂದಿ ಒಪ್ಪಲಿಲ್ಲ. ಉಪಾಧ್ಯೆಯೇ ತನ್ನ ಮಾತಿಗೆ ತಪ್ಪಿದರೆ ಊರಿಗೇನು ಹೇಳುವುದು ಎಂದರು. ಆ ಸಂಜೆ ಅವರು ಊಟ ಮಾಡಲಿಲ್ಲ. ಮಂಗಲ ತಾಟು ತೆಗೆದಳು. "ನೀವೂ ಹಿಡೀರಿ ಉಪಾಸಾ. ಮನಿ ತುಂಬ ಹಿಡೀರಿ. ಒಲಿ ಯಾಕ ಬೇಕು ಈ ಮನಿಗೆ."

ಸೆಪ್ಟೆಂಬರ್ ಹತ್ತು, ದಶಲಕ್ಷಣ ಪರ್ವದ ಮೂರನೆಯ ದಿನ, ಹದಿನಾಲ್ಕನೆಯ ಉಪವಾಸ. ಹನ್ನೊಂದರ ಬೆಳಿಗ್ಗೆ ತೃಪ್ತಿ ಬಟ್ಟಲು ಬಾಯಿಗೆ ಹಿಡಿದಾಗ ನೀರು ಒಳಗೆ ಹೋಗದೆ ಕಟಬಾಯಿಯಿಂದ ಇಳಿಯಿತು. ನಿಪ್ಪಾಣಿಯ ಆಸ್ಪತ್ರೆಗೆ ಕರೆದೊಯ್ದರು. ಮೂತ್ರಪಿಂಡಗಳು ನಿಂತಿವೆ ಎಂದರು ಡಾಕ್ಟರು. ಸಲೈನ್ ಹಚ್ಚಿದರು.

ಮಧ್ಯಾಹ್ನ ಚಂಪಾಬಾಯಿಗೆ ಸ್ವಲ್ಪ ಎಚ್ಚರ ಬಂತು. ಕೈಯಲ್ಲಿನ ಸೂಜಿಯನ್ನು ಇನ್ನೊಂದು ಕೈಯಿಂದ ತಡವಿದರು.

"ನಿತಿನಾ. ಇದು ಯಾವ ಬಾವೀದು?"

ನಿತಿನ ಬಾಟಲಿಯ ಮೇಲಿನ ಅಕ್ಷರಗಳನ್ನು ನೋಡುತ್ತ ನಿಂತ.

"ವಿಶಾಲಮಾಮಾನ ಬಾವೀದ್ರಿ ಆಯಿ," ತೃಪ್ತಿ ಹೇಳಿದಳು. ಸುಳ್ಳು ಮತ್ತೆ ಅವಳ ಪಾಲಿಗೇ ಬಂತು.

ಹದಿಮೂರರ ಬೆಳಿಗ್ಗೆ ಚಂಪಾಬಾಯಿ ತೀರಿಕೊಂಡರು. ಎಂಬತ್ತಮೂರು ಉಪವಾಸ ಬಾಕಿ ಇದ್ದವು.

ನವೆಂಬರ್ ಒಂದಕ್ಕೆ ದೀಪಾವಳಿ ಮುಗಿಯಿತು. ನಾಲ್ಕರಂದು ಟ್ರಸ್ಟಿನ ಸಭೆ ಸೇರಿತು. ಠರಾವನ್ನು ಜಿನ್ನಪ್ಪ ತಾವೇ ಬಂದು ಓದಿ ಹೇಳಿದರು. ಹಿತ್ತಲ ಬಾವಿಯ ನೀರನ್ನು ಈಗ ಯಾರೂ ಬಳಸುತ್ತಿಲ್ಲವಾದ್ದರಿಂದ ಶೌಚಗುಂಡಿಯನ್ನು ಸ್ಥಳಾಂತರಿಸುವ ಅಗತ್ಯ ಉಳಿದಿಲ್ಲ. ವಾಸನೆ ಹಾಗೂ ಸೊಳ್ಳೆಯ ಬಗ್ಗೆ ಬಾಡಿಗೆದಾರರ ತಕರಾರು ಇರುವುದರಿಂದ ಬಾವಿಯನ್ನು ಸ್ಲ್ಯಾಬ್ ಹಾಕಿ ಮುಚ್ಚಿ, ಆ ಜಾಗವನ್ನು ಮೋಟಾರ್‌ಸೈಕಲ್ ನಿಲ್ಲಿಸಲು ಕೊಡತಕ್ಕದ್ದು.

"ನಾ ಮಾತ ಕೊಟ್ಟಿದ್ದೆ, ಖರೆ," ಜಿನ್ನಪ್ಪ ಠರಾವಿನ ಕಾಗದ ಮಡಚಿದರು. "ಕಾರ್ತಿಕದಾಗ ಮಾಡ್ತೀನಿ ಅಂದಿದ್ದೆ. ಯಾರಿಗಂತ ಮಾಡೂದು ಈಗ?"

ಬಾಪುಸಾಹೇಬರು ಹೌದೆನ್ನುವಂತೆ ತಲೆ ಆಡಿಸಿದರು. ಸ್ಲ್ಯಾಬಿನ ಅಳತೆ ಬೇಕಿತ್ತು. ನಿತಿನ ಟೇಪು ತಂದು ಬಾವಿಯ ಬಾಯಿ ಅಳೆದ. ಒಂಬತ್ತು ಅಡಿ ನಾಲ್ಕು ಇಂಚು. ತೃಪ್ತಿ ಟೇಪಿನ ಇನ್ನೊಂದು ತುದಿ ಹಿಡಿಯಲು ಬರಲಿಲ್ಲ. ಅವನು ಅದರ ಮೇಲೆ ಕಲ್ಲು ಹೇರಿಕೊಂಡ.

ಸ್ಲ್ಯಾಬ್ ಬಿದ್ದ ಮರುದಿನ ಅದಕ್ಕೆ ನೀರುಣಿಸಲು ಗೌಂಡಿ ಬಂದ. ಪೈಪು ನಳಕ್ಕೆ ಮುಟ್ಟಲಿಲ್ಲ. ಅವನು ಹಿಂಬಾಗಿಲಲ್ಲಿ ನಿಂತು ಏನಾದರೂ ಕೊಡ್ರಿ ಎಂದ. ಮಂಗಲ ಕೈಗೆ ಸಿಕ್ಕ ಹಿತ್ತಾಳೆ ಬಿಂದಿಗೆ ಕೊಟ್ಟಳು. ಗೌಂಡಿ ಅದನ್ನು ತುಂಬಿ ತಂದು ಸ್ಲ್ಯಾಬಿನ ಮೇಲಿಟ್ಟ. ಅದು ವಾಲಿ ಬಿದ್ದು ನೀರೆಲ್ಲ ಒಂದೇ ಕಡೆ ಹರಿಯಿತು. ಎತ್ತಿ ಮತ್ತೆ ಇಟ್ಟ. ಮತ್ತೆ ವಾಲಿತು.

"ಇದು ನಿಂದರೂದಿಲ್ಲಲ್ರಿ," ಅವನು ಬಿಂದಿಗೆಯನ್ನು ತಲೆಕೆಳಗು ಮಾಡಿ ನೋಡಿದ. "ಬುಡಕ್ಕ ಈ ಕಡಿ ಯಾಕ ಹಚ್ಚ್ಯಾರ?"

ಬಾಪುಸಾಹೇಬರು ಬಸದಿಗೆ ಹೊರಟವರು ಬಾಗಿಲಲ್ಲಿದ್ದರು. ಒಳಗೆ ಪಾತ್ರೆ ತೊಳೆಯುತ್ತಿದ್ದ ತೃಪ್ತಿ ಕೈ ನಿಲ್ಲಿಸಿ ಅವರು ಏನು ಹೇಳುತ್ತಾರೆಂದು ಕಾದಳು.

"ಹಳೇ ಸಾಮಾನು," ಅಂದರು ಬಾಪುಸಾಹೇಬರು. "ಮೊದಲ ಹಂಗ ಮಾಡ್ತಿದ್ರು."